ಎಮಿಲಿ ಕತೆ ಹೇಳ್ತಿರೋ ಆ ‘ನಾವು’ ಯಾರು?

ಪ್ರಶ್ನೆ: ಮೇಡಂ, ವಿಲಿಯಂ ಫಾಕ್ನರ್ ಬರೆದಿರೋ ‘ಎ ರೋಸ್ ಫಾರ್ ಎಮಿಲಿ’ ಕತೆ ನಮಗೆ ಸಿಲಬಸ್‌ನಲ್ಲಿದೆ. ಮೂರು ಸಲ ಓದಿದೀನಿ, ಎರಡು ಡೌಟು ಹಾಗೇ ಉಳ್ಕೊಂಡಿದೆ. ಒಂದು, ಸೀದಾ ಹೇಳೋದು ಬಿಟ್ಟು ಕತೆನ ಯಾಕೆ ಹಿಂದೆ ಮುಂದೆ ಮಾಡಿದಾರೆ, ಕೊನೇಲಿ ಶಾಕ್ ಕೊಡೋಕೆ ಅಷ್ಟೇನಾ? ಎರಡು, ಗೈಡಲ್ಲಿ ಎಮಿಲಿನ ದುರಂತ ನಾಯಕಿ ಅಂತ ಬರ್ದಿದಾರೆ. ಒಬ್ಬನಿಗೆ ವಿಷ ಹಾಕಿ ಕೊಂದು ಹೆಣ ಮನೇಲಿಟ್ಕೊಂಡವಳು ದುರಂತ ನಾಯಕಿ ಹೇಗಾಗ್ತಾಳೆ? ನನಗಂತೂ ತಲೆಕೆಟ್ಟ ಹೆಂಗಸು ಅಂತ್ಲೇ ಅನ್ಸುತ್ತೆ.

ಉತ್ತರ:

ಎರಡು ಡೌಟು ಅಂದ್ರಿ, ನನಗೆ ಒಂದೇ ಕಾಣ್ತಿದೆ. ತಲೆಕೆಟ್ಟ ಹೆಂಗಸು ಅಂತ ನಿಮಗನ್ನಿಸಿದ್ದು ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಹಾಗೆ ಅಂತ ನಿಮ್ಮ ಕಿವಿ ಕಚ್ಚಿದ್ದು ಯಾರು ಅಂತ ಒಂದ್ಸಲ ತಿರುಗಿ ನೋಡಿ. ಎಮಿಲಿ ಆ ಕತೇಲಿ ಎಲ್ಲಾ ಸೇರಿ ಹತ್ತಿಪ್ಪತ್ತು ಸಣ್ಣ ಮಾತು ಆಡ್ತಾಳಷ್ಟೆ, ಅವಳ ಮನಸ್ಸಲ್ಲಿ ಏನಿದೆ ಅನ್ನೋದು ಒಂದು ಸಾಲೂ ಇಲ್ಲ. ಮಿಕ್ಕಿದ್ದೆಲ್ಲ ಊರಿನ ಮಾತು. ಆ ಊರು ತನ್ನನ್ನ ‘ನಾವು’ ಅಂತ ಕರ್ಕೊಳುತ್ತೆ.

ಕತೆ ಮೊದಲು ಅಚ್ಚಾಗಿದ್ದು 1930ರ ಏಪ್ರಿಲ್ 30ಕ್ಕೆ, ‘ದಿ ಫೋರಂ’ ಅನ್ನೋ ಪತ್ರಿಕೇಲಿ. ಅಮೆರಿಕದ ಒಂದು ದೊಡ್ಡ ಪತ್ರಿಕೇಲಿ ಬಂದ ಫಾಕ್ನರ್‌ನ ಮೊದಲ ಕತೆ ಇದು, ಆಗ ಅವನಿಗೆ 32 ವರ್ಷ. ಹಿಂದಿನ ವರ್ಷ ಬಂದಿದ್ದ ಕಾದಂಬರೀಲೂ ಅವನು ಕಾಲಾನ ಹೀಗೇ ಚೂರು ಚೂರು ಮಾಡಿದ್ದ, ಹಾಗಾಗಿ ಈ ಹಿಂದೆ ಮುಂದೆ ಅನ್ನೋದು ಅವನಿಗೆ ಗಿಮಿಕ್ ಏನಲ್ಲ, ಆ ಹೊತ್ತಿಗೆ ಕೈಗೆ ಚೆನ್ನಾಗಿ ಕುದುರಿದ್ದ ಕೆಲಸ. ಊರು ಜೆಫರ್‌ಸನ್, ಮಿಸಿಸಿಪ್ಪಿ ರಾಜ್ಯದಲ್ಲಿ ಅವನೇ ಕಟ್ಕೊಂಡ ಊರು, ಅವನು ಬದುಕಿದ್ದ ಆಕ್ಸ್‌ಫರ್ಡ್ ಪಟ್ಟಣದ ನೆರಳು ಅದರ ಮೇಲೆ ದಟ್ಟವಾಗಿದೆ.

ಈಗ ಫಾಕ್ನರ್ ಮಾಡದೇ ಇದ್ದ ಕೆಲಸ ನಾನು ಮಾಡ್ತೀನಿ, ಕತೆನ ಸೀದಾ ಹೇಳ್ಬಿಡ್ತೀನಿ. (ಕತೆ ಇನ್ನೂ ಓದಿಲ್ಲ, ಕೊನೆ ಗೊತ್ತಾಗ್ಬಾರ್ದು ಅನ್ನೋರು ಇಲ್ಲೇ ನಿಲ್ಲಿಸಿ, ಮೊದ್ಲು ಕತೆ ಓದ್ಕೊಂಡ್ ಬನ್ನಿ, ಅರ್ಧ ಗಂಟೆ ಸಾಕು.)

ಗ್ರಿಯರ್‌ಸನ್ ಅಂತ ಜಂಬದ ಹಳೇ ಮನೆತನ. ಅಪ್ಪ, ಒಬ್ಬಳೇ ಮಗಳು ಎಮಿಲಿ. ನೋಡೋಕೆ ಬಂದ ಗಂಡುಗಳನ್ನೆಲ್ಲ ಅಪ್ಪ ಓಡಿಸ್ತಾನೆ, ನಮ್ಮ ಮಟ್ಟಕ್ಕೆ ಯಾರೂ ಇಲ್ಲ ಅಂತ. ಹುಡುಗಿಗೆ ಮೂವತ್ತಾಗುತ್ತೆ, ಅಪ್ಪ ಸಾಯ್ತಾನೆ, ಉಳಿಯೋದು ಮನೆ ಒಂದೇ. ಮೂರು ದಿನ ಅವಳು ಅಪ್ಪ ಸತ್ತಿಲ್ಲ ಅಂತಾಳೆ, ಪಾದ್ರಿ, ಡಾಕ್ಟ್ರು ಎಲ್ಲಾ ಬಂದು ಗೋಗರೆದು, ಇನ್ನೇನು ಕಾನೂನು ಬಲಪ್ರಯೋಗ ಅನ್ನೋ ಹೊತ್ತಿಗೆ ಸೋತು ಕುಸಿಯುತ್ತಾಳೆ, ಊರವರು ಗಡಿಬಿಡೀಲಿ ಹೆಣ ಹೂಳ್ತಾರೆ. ಆಮೇಲೆ ಬಹಳ ದಿನ ಕಾಯಿಲೆ ಬೀಳ್ತಾಳೆ. ಆ ಬೇಸಿಗೇಲಿ ಊರಲ್ಲಿ ಫುಟ್‌ಪಾತ್ ಕೆಲಸ ಶುರುವಾಗುತ್ತೆ, ಕೂಲಿಯವರ ಜೊತೆ ಮೇಸ್ತ್ರಿಯಾಗಿ ಹೋಮರ್ ಬ್ಯಾರನ್ ಬರ್ತಾನೆ, ಅಮೆರಿಕದ ಉತ್ತರದ ಕಡೆಯವನು, ದೊಡ್ಡ ಗಂಟಲು, ನಗಿಸೋ ಮನುಷ್ಯ. ಇಬ್ಬರೂ ಭಾನುವಾರ ಮಧ್ಯಾಹ್ನ ಹಳದಿ ಚಕ್ರದ ಕುದುರೆಗಾಡೀಲಿ ಓಡಾಡ್ತಾರೆ. ಊರು ಗುಸುಗುಸು ಅನ್ನುತ್ತೆ. ಒಂದು ವರ್ಷ ಕಳೆದ ಮೇಲೆ ಅವಳು ಔಷಧಿ ಅಂಗಡಿಗೆ ಹೋಗಿ ಪಾಷಾಣ ಕೊಂಡ್ಕೋತಾಳೆ. ಬೆಳ್ಳಿಯ ಗಂಡಸರ ಟಾಯ್ಲೆಟ್ ಸೆಟ್ ಮಾಡಿಸ್ತಾಳೆ, ಒಂದೊಂದರ ಮೇಲೂ ಅವನ ಇನಿಷಿಯಲ್. ಗಂಡಸರ ಬಟ್ಟೆ, ರಾತ್ರಿ ಹಾಕೋ ಅಂಗಿ ಸಮೇತ ತರಿಸ್ತಾಳೆ. ಒಂದು ಸಾಯಂಕಾಲ ಮಬ್ಬುಗತ್ತಲಲ್ಲಿ ಕೆಲಸದಾಳು ಹೋಮರ್‌ನ ಅಡಿಗೆ ಮನೆ ಬಾಗಿಲಿಂದ ಒಳಗೆ ಬಿಟ್ಕೊಂಡಿದ್ದನ್ನ ಪಕ್ಕದ ಮನೆಯವರು ನೋಡ್ತಾರೆ. ಆಮೇಲೆ ಹೋಮರ್ ಯಾರ ಕಣ್ಣಿಗೂ ಬೀಳಲ್ಲ. ಸ್ವಲ್ಪ ದಿನಕ್ಕೆ ಮನೆಯಿಂದ ಕೆಟ್ಟ ವಾಸನೆ. ಊರಿನ ನಾಲ್ಕು ಜನ ಮಧ್ಯರಾತ್ರಿ ಕಳ್ಳರ ಹಾಗೆ ಕಾಂಪೌಂಡ್‌ಗೆ ನುಗ್ಗಿ ಸುಣ್ಣ ಚೆಲ್ಲಿ ಬರ್ತಾರೆ. ವಾಸನೆ ಹೋಗುತ್ತೆ. ನಲವತ್ತು ವರ್ಷ ಕಳೆಯುತ್ತೆ, ಎಮಿಲಿ 74ನೇ ವಯಸ್ಸಲ್ಲಿ ಸಾಯ್ತಾಳೆ, ಮಹಡಿ ಮೇಲಿನ ಮುಚ್ಚಿದ ರೂಮಿನ ಬಾಗಿಲು ಒಡೆದ್ರೆ ಮದುವೆ ಮನೆ ಥರ ಸಿಂಗರಿಸಿದ ಕೋಣೆ, ಮಂಚದ ಮೇಲೆ ಹೋಮರ್‌ನ ಉಳಿದ ದೇಹ.

ಹೀಗೆ ಸೀದಾ ಹೇಳಿದಾಗ ನಿಮಗೆ ಏನನ್ಸುತ್ತೆ? ಪಾಷಾಣ ತಗೊಂಡ್ಳು, ಹೋಮರ್ ಒಳಗೆ ಹೋದ, ಹೊರಗೆ ಬರಲಿಲ್ಲ, ವಾಸನೆ ಬಂತು. ಇದನ್ನ ಅರ್ಥ ಮಾಡ್ಕೊಳ್ಳೋಕೆ ಪೊಲೀಸ್ ಬೇಡ, ಹೈಸ್ಕೂಲ್ ಹುಡುಗ ಸಾಕು. ಊರಲ್ಲಿ ಪ್ರತಿಯೊಂದೂ ಯಾರೋ ಒಬ್ಬರಿಗೆ ಗೊತ್ತಿತ್ತು. ಔಷಧಿ ಅಂಗಡಿಯವನಿಗೆ ಪಾಷಾಣ ಗೊತ್ತು, ಒಡವೆ ಅಂಗಡಿಯವನಿಗೆ ಬೆಳ್ಳಿ ಸೆಟ್ ಗೊತ್ತು, ನೆರೆಯವರಿಗೆ ಅಡಿಗೆಮನೆ ಬಾಗಿಲು ಗೊತ್ತು, ಸುಣ್ಣ ಚೆಲ್ಲಿದವರ ಮೂಗಿಗೆ ವಾಸನೆ ಗೊತ್ತು, ಮತ್ತೆ ಇದು ಗುಟ್ಟು ಗುಟ್ಟಾಗಿ ಉಳಿಯೋ ಅಂಥಾ ಊರೂ ಅಲ್ಲ.

ಈಗ ಫಾಕ್ನರ್ ಇಟ್ಟಿರೋ ಆರ್ಡರ್ ನೋಡಿ. ಕತೆಗೆ ಐದು ಭಾಗ. ಒಂದನೇದು ಅವಳ ಶವಸಂಸ್ಕಾರ, ಆಮೇಲೆ ತೆರಿಗೆ ಕೇಳೋಕೆ ಬಂದ ಊರಿನವರ ಜೊತೆ ಅವಳ ಜಗಳ. ಎರಡನೇ ಭಾಗ ವಾಸನೆ ಮತ್ತೆ ಅಪ್ಪನ ಸಾವು. ಮೂರನೇದು ಹೋಮರ್, ಪಾಷಾಣ. ನಾಲ್ಕರಲ್ಲಿ ಹೋಮರ್ ಕಾಣೆ. ಐದರಲ್ಲಿ ಬಾಗಿಲು ಒಡೆಯೋದು. ಅಂದ್ರೆ ವಾಸನೆ ಮೊದ್ಲು, ವಿಷ ಆಮೇಲೆ, ಮನುಷ್ಯ ಕಾಣೆಯಾಗಿದ್ದು ಅದಕ್ಕೂ ಆಮೇಲೆ. ನಡೆದಿದ್ದಕ್ಕೆ ಉಲ್ಟಾ. ವಾಸನೆ ಬರೋ ಹೊತ್ತಿಗೆ ಓದೋರ ಕೈಲಿ ಪಾಷಾಣಾನೂ ಇಲ್ಲ, ಹೋಮರ್ ಅನ್ನೋ ಹೆಸರೂ ಇಲ್ಲ. ಎರಡನೇ ಭಾಗದಲ್ಲಿ ನಿರೂಪಕ ವಾಸನೆಯ ಸಮಯ ಹೇಳೋವಾಗ, ಅಪ್ಪ ಸತ್ತು ಎರಡು ವರ್ಷ ಆಗಿತ್ತು, ಅವಳನ್ನ ಮದುವೆ ಆಗ್ತಾನೆ ಅಂತ ನಾವು ನಂಬಿದ್ದವನು ಬಿಟ್ಟು ಹೋಗಿ ಸ್ವಲ್ಪ ದಿನ ಆಗಿತ್ತು ಅಂತಾನೆ. ‘ಬಿಟ್ಟು ಹೋದ’ ಅನ್ನೋ ಮಾತನ್ನ ಅಷ್ಟು ಸಲೀಸಾಗಿ ಅಲ್ಲಿ ನೆಟ್ಟುಬಿಡ್ತಾನೆ. ಆದ್ರೆ ಇದೇ ನಿರೂಪಕ ಕತೆ ಹೇಳ್ತಿರೋದು ಬಾಗಿಲು ಒಡೆದ ಮೇಲೆ! ಹೋಮರ್ ಎಲ್ಲಿದ್ದ ಅಂತ ಅವನಿಗೆ ಆಗ್ಲೇ ಚೆನ್ನಾಗಿ ಗೊತ್ತು. ಗೊತ್ತಿದ್ದೂ ‘ಬಿಟ್ಟು ಹೋದ’ ಅಂತಾನೆ.

ಶಾಕ್ ಕೊಡೋಕೆ ಅಷ್ಟೇನಾ ಅಂದ್ರಲ್ಲ, ಇಲ್ಲಿದೆ ಉತ್ತರ. ಓದುಗರಿಗೆ ಶಾಕ್ ಆಗುತ್ತೆ ನಿಜ, ಆದ್ರೆ ಆ ಆರ್ಡರಿಂದ ಲಾಭ ಆಗಿರೋದು ಊರಿಗೆ. ತನಗೇನೂ ಗೊತ್ತಿರಲಿಲ್ಲ ಅಂತ ಊರು ಹೇಳಿಕೊಳ್ಳೋ ರೀತಿ ಅದು. ಬಿಡಿ ಬಿಡಿ ತುಂಡುಗಳನ್ನ ದೂರ ದೂರ ಇಟ್ಟುಬಿಟ್ರೆ ಯಾರೂ ಜೋಡಿಸಲಿಲ್ಲ ಅನ್ನೋದಕ್ಕೆ ನೆಪ ಸಿಗುತ್ತೆ ನೋಡಿ. ನಮ್ಮಲ್ಲೂ ಯಾವುದಾದ್ರೂ ಮನೇಲಿ ಅನಾಹುತ ಆದಮೇಲೆ ಕಟ್ಟೆ ಮೇಲೆ ಕೂತವರು ಕತೆ ಹೇಳೋ ಧಾಟಿ ನೆನಪಿಸ್ಕೊಳ್ಳಿ, ಯಾರೂ ಮೊದಲಿಂದ ಹೇಳಲ್ಲ, ‘ಅವತ್ತೇ ನಂಗೆ ಅನ್ನಿಸಿತ್ತು’ ಅಂತ ಮಧ್ಯದಿಂದ ಶುರು ಮಾಡಿ, ಅನ್ನಿಸಿದಾಗ ತಾವೇನು ಮಾಡಿದ್ರು ಅನ್ನೋ ಜಾಗ ಬಂದಾಗ ಮಾತು ಇನ್ನೆಲ್ಲಿಗೋ ಹೊರಳಿಸ್ತಾರೆ.

ಕ್ಲಾಸಲ್ಲಿ ನಾನು ಒಂದು ಆಟ ಆಡಿಸ್ತಿದ್ದೆ. ಕತೆನ ಕನ್ನಡದಲ್ಲಿ ಹೇಳಿ, ಆದ್ರೆ ಎಲ್ಲೆಲ್ಲಿ ‘ಅಂತೆ’ ಬರ್ಬೇಕೋ ಅಲ್ಲೆಲ್ಲಾ ತಪ್ಪದೆ ಹಾಕಿ ಅಂತ. ಇಂಗ್ಲಿಷಲ್ಲಿ ಕಣ್ಣಾರೆ ಕಂಡಿದ್ದಕ್ಕೂ ಕಿವಿಯಾರೆ ಕೇಳಿದ್ದಕ್ಕೂ ಕ್ರಿಯಾಪದ ಒಂದೇ ಥರ ಇರುತ್ತೆ, ನಮಗೆ ಹಾಗಲ್ಲ, ‘ಹೋದಳು’ ಬೇರೆ, ‘ಹೋದಳಂತೆ’ ಬೇರೆ. ಆಟ ಶುರುವಾದ ಹತ್ತು ನಿಮಿಷಕ್ಕೇ ಹುಡುಗರು ತಬ್ಬಿಬ್ಬಾಗ್ತಿದ್ರು. ಔಷಧಿ ಅಂಗಡಿ ಸೀನ್ ತಗೊಳ್ಳಿ. ಅಲ್ಲಿದ್ದಿದ್ದು ಎಮಿಲಿ ಮತ್ತೆ ಅಂಗಡಿಯವನು. ನಂಗೆ ವಿಷ ಬೇಕು ಅಂತಾಳೆ, ಇರೋದ್ರಲ್ಲಿ ಒಳ್ಳೇದು ಕೊಡಿ ಅಂತಾಳೆ. ಯಾತಕ್ಕೆ ಅಂತ ಹೇಳ್ಬೇಕು, ಕಾನೂನು ಹಾಗಿದೆ ಅಂತಾನೆ ಅವನು. ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ನಿಂತ್ಕೋತಾಳೆ, ಅವನು ಒಳಗೆ ಹೋಗಿ ಪಾಷಾಣ ಕಟ್ಟಿಸ್ತಾನೆ, ಆದ್ರೆ ಎದುರಿಗೆ ಬರೋಕೆ ಮುಖ ಇಲ್ಲದೆ ಅಂಗಡಿ ಹುಡುಗನ ಕೈಲಿ ಕಳಿಸ್ತಾನೆ. ಮನೇಲಿ ಪೊಟ್ಟಣ ಬಿಚ್ಚಿದ್ರೆ ಡಬ್ಬಿ ಮೇಲೆ ತಲೆಬುರುಡೆ ಗುರುತು, ಅದರ ಕೆಳಗೆ ‘ಇಲಿಗಳಿಗೆ’ ಅಂತ ಬರೆದಿದೆ. ಅವಳು ಬಾಯಿಬಿಟ್ಟು ಹೇಳದ ಸುಳ್ಳನ್ನ ಅಂಗಡಿಯವನೇ ಬರೆದು ಕೊಟ್ಟ! ಈ ಸೀನ್ ಪೂರ್ತಿ ‘ಅಂತೆ’ ಸೇರಿಸ್ಲೇಬೇಕು, ಯಾಕಂದ್ರೆ ‘ನಾವು’ ಅಲ್ಲಿರಲಿಲ್ಲ. ಡಬ್ಬಿ ಮೇಲಿನ ಬರಹವಂತೂ ಅವಳ ಮನೆಯೊಳಗೆ ಬಿಚ್ಚಿದಾಗ ಕಂಡಿದ್ದು. ಹಾಗಿದ್ರೆ ಅದು ಊರಿಗೆ ಗೊತ್ತಾಗಿದ್ದು ಹೇಗೆ? ಬರೆದವನೇ ಹೇಳಿರ್ಬೇಕು. ಮಾರನೇ ದಿನಕ್ಕೆಲ್ಲಾ ಊರಿಗೇ ಸುದ್ದಿ. ಆಗ ಊರು ಏನಂತು? ಅವಳು ಪ್ರಾಣ ಕಳ್ಕೊತಾಳೆ ಅಂತ ಎಲ್ಲರೂ ಅಂದ್ವಿ, ಅದೇ ಒಳ್ಳೇದು ಅಂತಾನೂ ಅಂದ್ವಿ. ನನ್ನ ಪ್ರಕಾರ ಕತೇಲಿ ಅತ್ಯಂತ ಕ್ರೂರವಾದ ಸಾಲು ಇದು, ಹೆಣ ಸಿಗೋ ಸಾಲು ಅಲ್ಲ. ಒಬ್ಬ ಹೆಂಗಸು ಪಾಷಾಣ ತಗೊಂಡು ಹೋಗಿದಾಳೆ ಅಂತ ಊರಿಗೆ ಊರೇ ಗೊತ್ತು, ಒಬ್ಬರೂ ಬಾಗಿಲು ತಟ್ಟಲ್ಲ.

ವಾಸನೆ ಸೀನಲ್ಲಿ ಇನ್ನೊಂದು ಕಿಡಿಗೇಡಿತನ ಇದೆ. ಆಗ ಮೇಯರ್ ಆಗಿದ್ದ ಎಂಬತ್ತು ವರ್ಷದ ಜಡ್ಜ್ ಸ್ಟೀವನ್ಸ್ ಹತ್ರ ದೂರು ಹೋದಾಗ ಅವನು, ಅವಳ ಕೆಲಸದವನು ಹಿತ್ತಲಲ್ಲಿ ಹಾವೋ ಇಲಿಯೋ ಕೊಂದಿರ್ಬೇಕು ಅಂತಾನೆ. ಇಲಿ! ಡಬ್ಬಿ ಮೇಲಿನ ‘ಇಲಿಗಳಿಗೆ’ ನಾವು ಓದೋದು ಮುಂದಿನ ಭಾಗದಲ್ಲಿ. ಆಗ ಹಿಂದಕ್ಕೆ ತಿರುಗಿ ಈ ಮಾತು ನೆನಪಾದ್ರೆ ಬೆನ್ನು ಹುರಿ ತಣ್ಣಗಾಗುತ್ತೆ. ಇನ್ನೂ ಒತ್ತಾಯ ಮಾಡಿದ್ದಕ್ಕೆ, ಒಬ್ಬ ಗೌರವಸ್ಥ ಹೆಣ್ಣುಮಗಳ ಮುಖದ ಮೇಲೇ ನಿಮ್ಮ ಮನೆ ನಾರ್ತಿದೆ ಅಂತ ಹೇಳೋಕಾಗುತ್ತೇನ್ರಿ ಅಂತಾನೆ. ಅದಕ್ಕೇ ಮಧ್ಯರಾತ್ರಿ ಸುಣ್ಣ.

ಇನ್ನು ‘ನಾವು’ ವಿಷಯ. ಈ ‘ನಾವು’ ಯಾರು ಅಂತ ಪರೀಕ್ಷೇಲಿ ಕೇಳಿದ್ರೆ ಊರಿನ ಜನ ಅಂತ ಒಂದು ಮಾತಲ್ಲಿ ಬರೀಬೇಡಿ, ಅದು ಎಲ್ಲಿ ‘ನಾವು’ ಇರುತ್ತೆ, ಎಲ್ಲಿ ‘ಅವರು’ ಆಗುತ್ತೆ ಅಂತ ಪೆನ್ಸಿಲಲ್ಲಿ ಗೆರೆ ಹಾಕ್ತಾ ಹೋಗಿ. ಅಭಿಪ್ರಾಯ ಹೇಳೋವಾಗ, ಅಯ್ಯೋ ಪಾಪ ಅನ್ನೋವಾಗ, ಅಂದುಕೊಳ್ಳೋವಾಗ ಎಲ್ಲಾ ‘ನಾವು’. ನಾವು ನಂಬಿದ್ವಿ, ನಾವು ಅಂದ್ವಿ, ನಮಗೆ ಖುಷಿಯಾಯ್ತು. ಕೈಯಿಂದ ಏನಾದ್ರೂ ಮಾಡೋ ಕೆಲಸ ಬಂತೋ, ಸರಕ್ಕಂತ ‘ಅವರು’. ತೆರಿಗೆ ಕೇಳೋಕೆ ಹೋದವರು ಅವರು. ಸುಣ್ಣ ಚೆಲ್ಲಿದವರು ನಾಲ್ಕು ಜನ. ಪಾದ್ರಿನ ಬಲವಂತ ಮಾಡಿ ಅವಳ ಮನೆಗೆ ಕಳಿಸಿದ್ದು ಊರಿನ ಹೆಂಗಸರು. (ಅದೂ ಬ್ಯಾಪ್ಟಿಸ್ಟ್ ಪಾದ್ರಿ, ಎಮಿಲಿ ಮನೆಯವರು ಎಪಿಸ್ಕೋಪಲ್ ಪಂಥದವರು, ಅವನ ಪಂಥವೇ ಬೇರೆ. ಒಳಗೆ ಏನಾಯ್ತು ಅಂತ ಅವನು ಕೊನೇವರೆಗೂ ಬಾಯಿ ಬಿಡಲಿಲ್ಲ, ಇನ್ನೊಂದ್ಸಲ ಹೋಗೋಕೂ ಒಪ್ಪಲಿಲ್ಲ.) ಐದನೇ ಭಾಗದಲ್ಲಿ ಇದು ಕಣ್ಣಿಗೆ ಹೊಡೆಯೋ ಹಾಗಿದೆ. ನಲವತ್ತು ವರ್ಷದಿಂದ ಯಾರೂ ನೋಡದ ಒಂದು ರೂಮಿದೆ, ಅದರ ಬಾಗಿಲು ಒಡೀಲೇಬೇಕು ಅಂತ ನಮಗೆ ಆಗ್ಲೇ ಗೊತ್ತಿತ್ತು ಅಂತ ಶುರುವಾಗುತ್ತೆ. ಮುಂದಿನ ವಾಕ್ಯದಲ್ಲೇ, ಎಮಿಲಿನ ಮರ್ಯಾದೆಯಿಂದ ಮಣ್ಣು ಮಾಡೋವರೆಗೂ ‘ಅವರು’ ಕಾದ್ರು, ಆಮೇಲೆ ಬಾಗಿಲು ತೆಗೆದ್ರು. ಒಡೆದಿದ್ದು ಅವರು, ಒಳಗೆ ನಿಂತು ನೋಡಿದ್ದು ಮತ್ತೆ ನಾವು!

ಆ ‘ಆಗ್ಲೇ ಗೊತ್ತಿತ್ತು’ ಅನ್ನೋದನ್ನ ಬಿಡಬೇಡಿ. ಆಳು ಬಿಟ್ಟು ಯಾರೂ ಹತ್ತು ವರ್ಷದಿಂದ ಮನೆ ಒಳಗೆ ಕಾಲಿಟ್ಟಿಲ್ಲ ಅಂತ ಕತೆಯ ಮೊದಲನೇ ವಾಕ್ಯದಲ್ಲೇ ಹೇಳಿದಾನೆ. ಹಾಗಿದ್ಮೇಲೆ ಮಹಡಿ ಮೇಲೆ ನಲವತ್ತು ವರ್ಷದಿಂದ ಮುಚ್ಚಿದ ರೂಮಿದೆ ಅನ್ನೋದು ಗೊತ್ತಾಗಿದ್ದು ಎಲ್ಲಿಂದ? ನಲವತ್ತು ಅಂತ ಲೆಕ್ಕ ಇಟ್ಟವರು ಯಾರು? ಫಾಕ್ನರ್ ಉತ್ತರ ಕೊಡಲ್ಲ. ನನಗನ್ಸೋದು, ಊರಿಗೆ ಎಲ್ಲಾ ಗೊತ್ತಿತ್ತು, ಗೊತ್ತಿದೆ ಅಂತ ಒಪ್ಕೊಳ್ಳೋ ಧೈರ್ಯ ಮಾತ್ರ ಇರಲಿಲ್ಲ.

ಅನುವಾದದ ಹುಚ್ಚಿರೋರಿಗೆ ಒಂದು ಮಾತು. ಇದನ್ನ ತೆಲುಗಿಗೆ ಮಾಡೋರು ಮೊದಲ ವಾಕ್ಯದಲ್ಲೇ ಸಿಕ್ಕಿಹಾಕ್ಕೊತಾರೆ, ಕೇಳೋರನ್ನ ಬಿಟ್ಟು ‘ಮೇಮು’ ಅನ್ಬೇಕೋ ಸೇರಿಸ್ಕೊಂಡು ‘ಮನಂ’ ಅನ್ಬೇಕೋ ಅಂತ. ತಮಿಳಲ್ಲೂ ಅದೇ ಕಷ್ಟ, ‘ನಾಂಗಳ್’, ‘ನಾಮ್’ ಬೇರೆ ಬೇರೆ. ಇವತ್ತಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ, ಇಂಗ್ಲಿಷಿನ ಹಾಗೆ. ಹಾಗಾಗಿ ಓದ್ತಾ ಓದ್ತಾ ನಾವೂ ಆ ಗುಂಪಿಗೆ ಸೇರ್ಕೊಂಡು ‘ಪಾಪ ಎಮಿಲಿ’ ಅನ್ನೋಕೆ ಶುರು ಮಾಡಿರ್ತೀವಿ, ಯಾರೂ ಕರೆದಿರಲ್ಲ. ಆದ್ರೆ ಆ ‘ನಾವು’ ಒಳಗೆ ಊರಿನ ಎಲ್ಲರಿಗೂ ಜಾಗ ಇಲ್ಲ. ಎಮಿಲಿಯ ಕೆಲಸದಾಳು ಟೋಬ್ ಕಪ್ಪು ಮನುಷ್ಯ, ಅಡಿಗೆ, ತೋಟ, ಮಾರ್ಕೆಟ್ಟು ಎಲ್ಲಾ ಅವನದೇ. ಅಷ್ಟು ವರ್ಷ ಬುಟ್ಟಿ ಹಿಡ್ಕೊಂಡು ಊರೊಳಗೇ ಓಡಾಡಿದಾನೆ, ಅವನ ಬಾಯಿಂದ ಏನೂ ಹೊರಡಲಿಲ್ಲ. ಮಾತಾಡದೇ ಅವನ ದನಿ ತುಕ್ಕು ಹಿಡಿದಿದೆ ಅಂತ ನಿರೂಪಕನೇ ಹೇಳ್ತಾನೆ. ಅವಳು ಸತ್ತ ದಿನ ಮುಂಬಾಗಿಲು ತೆಗೆದು ಹೆಂಗಸರನ್ನ ಒಳಗೆ ಬಿಟ್ಟು, ಮನೆ ದಾಟಿ ಹಿಂಬಾಗಿಲಿಂದ ಹೊರಟುಹೋಗ್ತಾನೆ, ಮತ್ತೆ ಯಾರಿಗೂ ಕಾಣಲ್ಲ. ಪೂರ್ತಿ ಕತೆ ಗೊತ್ತಿದ್ದವನು ಅವನೊಬ್ಬನೇ, ಅವನನ್ನ ಕೂರಿಸಿ ಕೇಳಬೇಕು ಅಂತ ಊರಿಗೆ ಹೊಳೆಯಲೇ ಇಲ್ಲ.

ಇಸವಿ ಲೆಕ್ಕದ ಬಗ್ಗೆ ಎರಡು ಮಾತು, ಯಾಕಂದ್ರೆ ಪ್ರತಿ ವರ್ಷ ಯಾರಾದ್ರೂ ಟೈಮ್‌ಲೈನ್ ಹಾಕೋಕೆ ಹೋಗಿ ತಲೆ ಕೆರ್ಕೊತಾರೆ. ಕತೇಲಿ ಸ್ಪಷ್ಟವಾಗಿ ಕೊಟ್ಟಿರೋ ಇಸವಿ ಒಂದೇ, 1894. ಆ ವರ್ಷ ಮೇಯರ್ ಕರ್ನಲ್ ಸಾರ್ಟೊರಿಸ್ ಅವಳ ತೆರಿಗೆ ಮಾಫಿ ಮಾಡಿದ, ಅಪ್ಪ ಸತ್ತಾಗಿನಿಂದ ಅನ್ವಯ ಆಗೋ ಹಾಗೆ. ಗೈಡ್‌ಗಳಲ್ಲಿ ಅಪ್ಪ ಸತ್ತಿದ್ದೇ 1894 ಅಂತ ಹಾಕ್ತಾರೆ, ಹಾಗಾದ್ರೆ ಆಗ ಮೂವತ್ತರ ಆಸುಪಾಸಿನಲ್ಲಿದ್ದ ಎಮಿಲಿ 74ಕ್ಕೆ ಸಾಯೋದು 1930 ಕಳೆದು ಏಳೆಂಟು ವರ್ಷದ ಮೇಲೆ ಆಗುತ್ತೆ, ಕತೆ ಅಚ್ಚಾದ ಮೇಲೆ! ನಾಲ್ಕನೇ ಭಾಗ ನಿಧಾನವಾಗಿ ಓದಿ, ನಲವತ್ತರ ಸುಮಾರಿನಲ್ಲಿ ಅವಳು ಪಿಂಗಾಣಿ ಮೇಲೆ ಚಿತ್ರ ಬಿಡಿಸೋ ಪಾಠ ಹೇಳ್ತಿದ್ದಳಲ್ಲ, ಅಲ್ಲಿ ನಿರೂಪಕ, ಈ ಮಧ್ಯೆ ತೆರಿಗೆ ಮಾಫಿ ಆಗಿತ್ತು ಅಂತ ಒಂದು ವಾಕ್ಯ ಹಾಕಿದಾನೆ. ಅಂದ್ರೆ ಮಾಫಿ ಆಗಿದ್ದು ಅಪ್ಪ ಸತ್ತು ಎಷ್ಟೋ ವರ್ಷಕ್ಕೆ, ಹಿಂದಿನ ತಾರೀಖಿಂದ. ಹೀಗಿಟ್ಕೊಂಡ್ರೆ ಅವಳು ಹುಟ್ಟಿದ್ದು 1854ರ ಸುಮಾರು, ಸತ್ತಿದ್ದು ಕತೆ ಅಚ್ಚಾಗೋಕೆ ಸ್ವಲ್ಪ ಮುಂಚೆ. ಆಗಲೂ ಎಲ್ಲಾ ತಾಳೆ ಆಗಲ್ಲ, ಪಾಠ ನಿಲ್ಲಿಸಿದ ವರ್ಷ ಮತ್ತೆ ತೆರಿಗೆ ಜಗಳದ ವರ್ಷ ಒಂದಕ್ಕೊಂದು ಕೂಡೋದೇ ಇಲ್ಲ. ಇರ್ಲಿ ಬಿಡಿ. ಶವಸಂಸ್ಕಾರಕ್ಕೆ ಬಂದ ಮುದುಕರು ಹಳೇ ಕಾನ್ಫೆಡರೇಟ್ ಸೈನ್ಯದ (ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ವಿರುದ್ಧ ಹೋರಾಡಿದ ದಕ್ಷಿಣದವರ ಸೈನ್ಯ) ಯೂನಿಫಾರಂ ಬ್ರಷ್ ಮಾಡಿ ಹಾಕ್ಕೊಂಡು ವರಾಂಡದಲ್ಲಿ ಕೂತು, ನಾವು ಎಮಿಲಿ ಜೊತೆ ಡ್ಯಾನ್ಸ್ ಮಾಡಿದ್ವಿ, ಅವಳ ಹಿಂದೆ ಸುತ್ತಿದ್ವಿ ಅಂತ ನಂಬ್ಕೊಂಡು ಮಾತಾಡ್ತಾರಲ್ಲ, ಆ ಯುದ್ಧ ನಡೆದಿದ್ದು 1861ರಿಂದ 1865, ಅವರು ಬಂದೂಕು ಹಿಡಿದಾಗ ಇವಳು ಪುಟ್ಟ ಹುಡುಗಿ. ಅವರಿಗೆ ಕಾಲ ಕಲಸಿಹೋಗಿದೆ ಅಂತ ಕತೆಯೇ ಹೇಳುತ್ತೆ. ಕತೆ ಹಿಂದೆ ಮುಂದೆ ಆಗಿರೋದು ಅಂದ್ರಿ, ಆ ಊರಿನ ತಲೆಯೊಳಗೇ ಕಾಲ ಹಾಗಿದೆ.

ಸರಿ, ದುರಂತ ನಾಯಕಿ.

ದುರಂತ ಅಂದ್ರೆ ಒಳ್ಳೆಯವರು ಕಷ್ಟ ಪಡೋದು ಅಂತ ಯಾರೋ ನಮ್ಮ ತಲೇಲಿ ತುಂಬಿದಾರೆ. ಗದಾಯುದ್ಧ ಓದಿದವರಿಗೆ ಈ ಗೊಂದಲ ಇರಬಾರದು. ಛಲದೊಳ್ ದುರ್ಯೋಧನಂ ಅಂತ ಪಂಪ ಎತ್ತಿ ಹೇಳಿದ್ನಲ್ಲ, ದುರ್ಯೋಧನ ಮಾಡಿದ್ದೆಲ್ಲ ಸರಿ ಅಂತ ಪಂಪನೂ ಹೇಳಲ್ಲ ರನ್ನನೂ ಹೇಳಲ್ಲ, ಆದ್ರೂ ಆ ಛಲ ಅವನನ್ನ ಕೆಡವೋದನ್ನ ನೋಡೋವಾಗ ಗಂಟಲು ಕಟ್ಟುತ್ತೆ. ಎಮಿಲಿಯದೂ ಛಲವೇ. ಅದು ಯಾವುದರ ಛಲ ಅಂತ ನೋಡ್ಬೇಕು.

ಅವಳು ಮೂರು ಸಲ ಒಂದೇ ಕೆಲಸ ಮಾಡ್ತಾಳೆ, ಸತ್ತವರನ್ನ ಸತ್ತವರು ಅಂತ ಒಪ್ಪಲ್ಲ. ಅಪ್ಪ ಸತ್ತಾಗ ಮೂರು ದಿನ. ಹೋಮರ್ ವಿಷಯದಲ್ಲಿ ನಲವತ್ತು ವರ್ಷ. ತೆರಿಗೆ ಕೇಳೋಕೆ ಬಂದವರಿಗೆ ಕರ್ನಲ್ ಸಾರ್ಟೊರಿಸ್‌ನ ಕೇಳಿ ಅಂತಾಳೆ, ಅವನು ಸತ್ತು ಹತ್ತು ವರ್ಷ ಆಗ್ತಾ ಬಂದಿತ್ತು. ಆ ತೆರಿಗೆ ಮಾಫಿ ಹಿಂದಿರೋದೂ ಒಂದು ಸುಳ್ಳೇ. ದಾನ ಅಂದ್ರೆ ಅವಳು ತಗೊಳಲ್ಲ ಅಂತ ಕರ್ನಲ್ಲು, ನಿಮ್ಮಪ್ಪ ಊರಿಗೆ ಸಾಲ ಕೊಟ್ಟಿದ್ರು, ಅದಕ್ಕೆ ವಜಾ ಅಂತ ಕತೆ ಕಟ್ಟಿದ್ದ. ಊರು ಕಟ್ಟಿಕೊಟ್ಟ ಸುಳ್ಳೊಳಗೆ ಅವಳು ಬಾಗಿಲು ಹಾಕ್ಕೊಂಡು ಬದುಕಿದಳು ಅಷ್ಟೇ.

ಅಪ್ಪನ ವಿಷಯಕ್ಕೆ ಬರೋಣ, ದುರಂತದ ಬೇರು ಅಲ್ಲಿದೆ. ಊರಿನ ನೆನಪಲ್ಲಿ ಒಂದು ಚಿತ್ರ ಉಳಿದಿದೆ, ಹಿಂದೆ ಬಿಳಿ ಬಟ್ಟೆಯ ತೆಳ್ಳನೆ ಎಮಿಲಿ, ಮುಂದೆ ಕಾಲಗಲಿಸಿ ನಿಂತ ಅಪ್ಪ, ಬೆನ್ನು ಅವಳ ಕಡೆಗೆ, ಕೈಯಲ್ಲಿ ಕುದುರೆ ಚಾಟಿ. ಚಾಟಿ ಬೀಸಿದ್ದು ಬಂದ ಗಂಡುಗಳಿಗೆ ಇರಬಹುದು, ಏಟು ಬಿದ್ದಿದ್ದು ಯಾರಿಗೆ? ಆ ಅಪ್ಪ ಸತ್ತಾಗ ಅವಳು ಹೆಣ ಬಿಟ್ಟುಕೊಡದೇ ಇದ್ದಿದ್ದಕ್ಕೆ ನಿರೂಪಕ ಹೇಳೋ ಮಾತಲ್ಲಿ ನಿಜವಾದ ಒಳನೋಟ ಇದೆ (ಊರಿನ ಮಾತೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ ಮತ್ತೆ). ಅವಳಿಗೆ ಹುಚ್ಚು ಅಂತ ಆಗ ನಾವು ಅನ್ನಲಿಲ್ಲ, ಏನೂ ಉಳಿಯದವಳು ತನ್ನಿಂದ ಎಲ್ಲಾ ಕಿತ್ಕೊಂಡಿದ್ದನ್ನೇ ತಬ್ಬಿ ಹಿಡ್ಕೊಳ್ಳಬೇಕಾಗುತ್ತೆ ಅಂತಾನೆ. ನಿಮಗೆ ‘ತಲೆಕೆಟ್ಟ ಹೆಂಗಸು’ ಅಂತ ಅನ್ನಿಸಿದ್ರೆ ಈ ಸಾಲಿಗೆ ಹಿಂತಿರುಗಿ. ಆ ಸಲ ಊರು ಬಂದು ಹೆಣ ಕಿತ್ಕೊಂಡು ಹೋಯ್ತು. ಮುಂದಿನ ಸಲ ಯಾರೂ ಕಿತ್ಕೊಳ್ಳೋಕೆ ಆಗದ ಹಾಗೆ ಅವಳು ನೋಡ್ಕೊಂಡ್ಳು.

ಹೋಮರ್ ಮದುವೆ ಆಗೋ ಪೈಕಿ ಅಲ್ಲ ಅಂತ ತಾನೇ ಹೇಳ್ಕೊಂಡಿದ್ದ. ಊರಿನ ಮುಂದೆ ಗಾಡೀಲಿ ತಿರುಗಾಡಿ ಮರ್ಯಾದೆ ಪಣಕ್ಕಿಟ್ಟಿದ್ದು ಅವಳು. ಊರು ಮೊದಲು ಸುಮ್ಮನಿದ್ದು ನೋಡ್ತು, ಆಮೇಲೆ ಪಾದ್ರಿ, ಆಮೇಲೆ ಅಲಬಾಮಾದಿಂದ ಇಬ್ಬರು ನೆಂಟರ ಹೆಂಗಸರು. ಅಪ್ಪ ಸತ್ತಾಗ ಅವಳ ನೆಂಟರು ಯಾರೂ ಬಂದಿರಲಿಲ್ಲ, ಮರ್ಯಾದೆ ಪ್ರಶ್ನೆ ಬಂದಾಗ ಬಂದ್ರು ನೋಡಿ. ಕೊನೆಗೆ ಬಂದವರ ಕಾಟಕ್ಕೆ ಊರೇ ಎಮಿಲಿ ಪಕ್ಷ ಸೇರುತ್ತೆ, ಇದು ಫಾಕ್ನರ್‌ನ ತಮಾಷೆ. ಹೋಗೋಕೆ ಹೊರಟವನನ್ನ ಅವಳು ಕೊಂದಳು, ಅದು ಕೊಲೆಯೇ, ಅದಕ್ಕೆ ಬಣ್ಣ ಹಚ್ಚಬೇಕಾಗಿಲ್ಲ. ದುರಂತ ಇರೋದು ಎಲ್ಲಿ ಅಂದ್ರೆ, ಗ್ರಿಯರ್‌ಸನ್ ಅನ್ನೋ ಅದೇ ಜಂಬ ಅವಳನ್ನ ಮೂವತ್ತು ವರ್ಷ ಒಂಟಿ ಮಾಡಿತು, ಅದೇ ಜಂಬ ಅಂಗಡಿಯವನ ಕಣ್ಣು ಕೆಳಗೆ ಹಾಕಿಸಿತು, ಅದೇ ಜಂಬ ನಲವತ್ತು ವರ್ಷ ಯಾರೂ ಬಾಗಿಲು ತಟ್ಟದ ಹಾಗೆ ಕಾಪಾಡಿತು. ಅವಳನ್ನ ಹಾಳು ಮಾಡಿದ್ದೂ ಉಳಿಸಿದ್ದೂ ಒಂದೇ.

ಗೈಡ್‌ಗಳಲ್ಲಿ ಎಮಿಲಿ ಅಂದ್ರೆ ಹಳೇ ದಕ್ಷಿಣ, ಹೋಮರ್ ಅಂದ್ರೆ ಉತ್ತರ ಅಂತ ಸಂಕೇತ ಮಾಡಿರ್ತಾರೆ. ಬರೀರಿ, ಮಾರ್ಕ್ಸ್ ಬರುತ್ತೆ. ನಂಗೆ ಮಾತ್ರ ಅದು ಹಿಡಿಸಲ್ಲ, ಊರು ಅವಳನ್ನ ಸ್ಮಾರಕ ಮಾಡಿಟ್ಟಿದ್ದು ಸಾಲದು ಅಂತ ನಾವೂ ಒಂದು ಸ್ಮಾರಕ ಮಾಡೋದು. 1955ರಲ್ಲಿ ಜಪಾನಿನಲ್ಲಿ ಕತೆಯ ಹೆಸರಿನ ಬಗ್ಗೆ ಕೇಳಿದಾಗ ಫಾಕ್ನರ್ ಹೇಳಿದ್ದರ ಸಾರ, ಅವಳಿಗೆ ಸರಿಮಾಡೋಕಾಗದ ದುರಂತ ಆಗಿತ್ತು, ನನಗೆ ಕನಿಕರ ಬಂತು, ಹೆಂಗಸಿಗೆ ಒಂದು ಗುಲಾಬಿ ಕೊಡೋ ಹಾಗೆ ಇದು ನನ್ನ ವಂದನೆ ಅಂತ. ಕತೆಯೊಳಗೆ ಯಾರೂ ಅವಳಿಗೆ ಗುಲಾಬಿ ಕೊಡಲ್ಲ. ಆ ಮದುವೆ ಕೋಣೇಲಿ ಮಾಸಿದ ಗುಲಾಬಿ ಬಣ್ಣದ ಪರದೆ, ಗುಲಾಬಿ ಬಣ್ಣದ ದೀಪದ ಮುಸುಕು, ಅಷ್ಟೇ.

ಕೊನೇ ಸಾಲು ಹೇಗೆ ಓದ್ಬೇಕು ಅಂತ ಹೇಳಿ ನಿಲ್ಲಿಸ್ತೀನಿ. ಹೋಮರ್ ಪಕ್ಕದ ಎರಡನೇ ದಿಂಬಿನ ಮೇಲೆ ತಲೆ ಒತ್ತಿದ ಗುಳಿ, ಅದರಲ್ಲಿ ಕಬ್ಬಿಣದ ಬೂದು ಬಣ್ಣದ ಒಂದು ಉದ್ದನೆ ಕೂದಲು. ಇದಕ್ಕೆ ಬೇಕಾದ ಸಾಕ್ಷಿನ ಫಾಕ್ನರ್ ಮೂರು ಮತ್ತೆ ನಾಲ್ಕನೇ ಭಾಗದಲ್ಲೇ ಬಚ್ಚಿಟ್ಟಿದಾನೆ. ಅಪ್ಪ ಸತ್ತ ಮೇಲೆ ಕಾಯಿಲೆಯಿಂದ ಎದ್ದಾಗ ಕೂದಲು ಗಿಡ್ಡ, ಹುಡುಗಿ ಥರ. ಹೋಮರ್ ಕಾಣೆಯಾಗಿ ತಿಂಗಳುಗಟ್ಟಲೆ ಆದಮೇಲೆ ಕಂಡಾಗ ನರೆಯೋಕೆ ಶುರು. ಕಬ್ಬಿಣದ ಬೂದಿಗೆ ಬಂದು ನಿಂತಿದ್ದು ಇನ್ನೂ ಕೆಲವು ವರ್ಷ ಆದಮೇಲೆ. ಅಂದ್ರೆ ಆ ಕೂದಲು ಕೊಲೆಯಾದ ರಾತ್ರಿದಲ್ಲ. ಅವಳು ವರ್ಷಗಳಾದ ಮೇಲೂ ಅಲ್ಲಿ ಹೋಗಿ ಮಲಗಿದಾಳೆ. ಇಡೀ ಕತೇಲಿ ಹೆಜ್ಜೆ ಹೆಜ್ಜೆಗೆ ಅಭಿಪ್ರಾಯ ಹೇಳ್ತಾ ಬಂದ ಊರು, ಪಾಪ ಎಮಿಲಿ ಪಾಪ ಎಮಿಲಿ ಅಂದ ಊರು, ನಮ್ಮಲ್ಲಿ ಒಬ್ಬರು ಬಗ್ಗಿ ಆ ಕೂದಲು ಎತ್ತಿದ ಮೇಲೆ ಒಂದು ಮಾತೂ ಆಡಲ್ಲ.